ದೊಡ್ಡಮ್ಮನ ಕೋವಿಗೆ ಸದ್ದಿನ ಗ್ಯಾರಂಟಿ

ನನ್ನ ದೊಡ್ಡಮ್ಮ ಕೋವಿ ಕೊಂಡದ್ದು ಯಾರನ್ನೂ ಕೊಲ್ಲುವುದಕ್ಕಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊಲ್ಲಬೇಕೆಂದಿದ್ದರೆ ಆಕೆಗೆ ಕೋವಿಯ ಅಗತ್ಯವೇ ಇರಲಿಲ್ಲ, ಹತ್ತೊಂಬತ್ತರ ಮಗ್ಗಿ ಸಾಕಿತ್ತು! ಅಘನಾಶಿನಿ ಹೊಳೆಯ ಸುತ್ತಮುತ್ತ ಮೀಸೆ ಹಣ್ಣಾದ ಎಷ್ಟೋ ಗಂಡಸರು ಆ ಮಗ್ಗಿಯ ಹೆಸರೆತ್ತಿದರೆ ಇಂದಿಗೂ ಬೆವರುತ್ತಾರೆ. ಅವರೆಲ್ಲ ದೊಡ್ಡಮ್ಮನ ಶಿಷ್ಯರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ದೊಡ್ಡಮ್ಮ ಊರಿಗೆ ಅಕ್ಕೋರಾಗಿಯೇ ಉಳಿದಳು. ಅವಳ ನಿಜವಾದ ಹೆಸರು ಪಿಂಚಣಿ ಕೊಡುವವರಿಗೆ ಬಿಟ್ಟರೆ ಮತ್ತಾರಿಗೂ ನೆನಪಿರಲಿಲ್ಲ.

ಅವಳ ಗಂಟಲೋ, ದೇವರೇ ಗತಿ! ಶಾಲೆಯ ಗಂಟೆ ಕಳುವಾದಾಗ ಹೊಸದು ತರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ದೊಡ್ಡಮ್ಮ ಅಂಗಳಕ್ಕೆ ಬಂದು "ಒಳಗೆ ಬನ್ನಿ" ಎಂದರೆ ಸಾಕು, ಮಕ್ಕಳ ಜೊತೆಗೆ ಹೊಳೆಯಲ್ಲಿ ಚಿಪ್ಪಿ ಆರಿಸುತ್ತಿದ್ದ ಹೆಂಗಸರೂ ಒಂದು ಗಳಿಗೆ ಅನುಮಾನಿಸುತ್ತಿದ್ದರಂತೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ದಿನಾ ಅಷ್ಟು ಮಕ್ಕಳ ಹಾಜರಿ ಹಾಕ್ತೆ. ಮತ್ತೆಂತಕ್ಕೆ ಮನೇಲೂ ಒಂದು?" ನಿವೃತ್ತಿಯ ದುಡ್ಡಿನಲ್ಲಿ ಊರಿನ ಅಂಚಿಗೆ, ಹೊಳೆಗೆ ಮುಖಮಾಡಿ ಒಂದು ಚಿಕ್ಕ ಮನೆ ಕಟ್ಟಿಸಿಕೊಂಡಳು. ಹಿತ್ತಲಲ್ಲಿ ಒಂದಷ್ಟು ತೆಂಗಿನ ಮರ, ಒಂದಷ್ಟು ಕೋಳಿ. ಹತ್ತಿರದ ಮನೆ ಎಂದರೆ ಗದ್ದೆಯ ಆಚೆ ಬದಿಯ ಮಾದೇವಿಯದು. ಮಾದೇವಿಯೂ ಮಗ್ಗಿ ಕಲಿತು ಬೆವರಿದವಳೇ.

ಮನೆ ಚೆಂದವಿತ್ತು. ಆದರೆ ಹಾಜರಿ ಹಾಕಲು ಅಲ್ಲಿ ಯಾರೂ ಇರಲಿಲ್ಲ. ನಾನು ಭಟ್ಕಳದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ತಿಂಗಳಿಗೊಮ್ಮೆ ಹೋದಾಗ ದೊಡ್ಡಮ್ಮ ಬಾಗಿಲಲ್ಲೇ ಮಾತು ಶುರುಮಾಡಿ, ನಾನು ಬಸ್ಸು ಹತ್ತುವವರೆಗೆ ನಿಲ್ಲಿಸುತ್ತಿರಲಿಲ್ಲ. ಇಡೀ ತಿಂಗಳ ಮಾತನ್ನು ಒಂದೇ ದಿನಕ್ಕೆ ಕೂಡಿಟ್ಟಿರುತ್ತಿದ್ದಳು. ನಾನು ಊಟ ಮಾಡುತ್ತ ಹೂಂಗುಟ್ಟುತ್ತಿದ್ದೆ, ಅವಳ ಅನ್ನ ತಟ್ಟೆಯಲ್ಲಿ ಆರುತ್ತಿತ್ತು.

ಹೀಗಿರುವಾಗ ಒಂದು ದಿನ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟ ಹಿಡಿದುಕೊಂಡಿತು, ಏಳಲಾಗಲಿಲ್ಲ. ಕೂಗಿದಳು. ಅಂಥ ಗಂಟಲಲ್ಲಿ ಕೂಗಿದರೆ ಯಾರಿಗೆ ತಾನೇ ಕೇಳುವುದಿಲ್ಲ? ಕೇಳಿತು, ಎಲ್ಲರಿಗೂ ಕೇಳಿತು! ಗದ್ದೆಯಲ್ಲಿದ್ದ ಮಾದೇವಿಗೂ ಕೇಳಿತು. ಆದರೆ ಅಕ್ಕೋರು ಕೂಗುವುದು ಆ ಊರಿಗೆ ಹೊಸದೇ? ಕೋಳಿಗೆ ಬೈಯುತ್ತಿದ್ದಾರೆ ಎಂದು ಮಾದೇವಿ ನಾಟಿ ಮುಂದುವರಿಸಿದಳು. ದಾರಿಯಲ್ಲಿ ಹೋಗುತ್ತಿದ್ದ ಹಳೆಯ ಶಿಷ್ಯನೊಬ್ಬ ತನ್ನನ್ನೇ ಕರೆಯುತ್ತಿದ್ದಾರೆಂದು ಹೆದರಿ ಓಟ ಕಿತ್ತನಂತೆ. ಬೆಳಿಗ್ಗೆ ಬಿದ್ದವಳನ್ನು ಸಂಜೆ ಮೀನು ಕೊಡಲು ಬಂದ ಹೆಂಗಸು ನೋಡಿ ಎತ್ತಿ ಕೂರಿಸಿದಳು.

ಇದನ್ನು ದೊಡ್ಡಮ್ಮ ನನಗೆ ಹೇಳಿದ್ದು ದೊಡ್ಡ ತಮಾಷೆಯಾಗಿ. "ಅಷ್ಟೊತ್ತು ಕೂಗಿದೆ ಮಾರಾಯ, ಕಡೆಗೆ ಒಂದು ಕಾಗೆ ಬಂತು. ಅದಕ್ಕೂ ಮಗ್ಗಿ ಬರೂದಿಲ್ಲ," ಎಂದಳು. ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಗೋಡೆಯ ಕಡೆ ತಿರುಗಿ ಹೇಳಿದಳು: "ರೈಲು ಕುಮಟೆಲಿ ಕೂಗಿರೆ ಗಾಳಿ ಇದ್ದಾಗ ನಮ್ಮನೆಗೆ ಕೇಳ್ತದೆ. ನಾ ಕೂಗಿರೆ ಗದ್ದೆ ಆಚೆಗೆ ಕೇಳೂದಿಲ್ಲ ನೋಡು." ಆಗಷ್ಟೇ ನಮ್ಮ ಕರಾವಳಿಗೆ ರೈಲು ಬಂದಿತ್ತು, ಎಲ್ಲರೂ ಅದರ ಕೂಗಿನ ಬಗ್ಗೆಯೇ ಮಾತಾಡುತ್ತಿದ್ದರು.

ಭಟ್ಕಳಕ್ಕೆ ಬಂದಿರು ಎಂದು ಕರೆದೆ. ಬಂದಳು, ಒಂದು ವಾರವಿದ್ದಳು. ಬಾಡಿಗೆ ಮನೆಯ ಅಕ್ಕಪಕ್ಕದ ಮಕ್ಕಳನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಿಸಿದಳು. ನವಾಯತಿ ಬಿಟ್ಟು ಬೇರೆ ಮಾತು ತಿಳಿಯದ ಒಂದು ಪುಟ್ಟ ಹುಡುಗಿ ಎರಡರ ಮಗ್ಗಿಯನ್ನು ಕನ್ನಡದಲ್ಲಿ ಒಪ್ಪಿಸುವಂತಾದ ಮೇಲೆ, ತನ್ನ ಮನೆಗೆ ಬೀಗ ಹಾಕಿ ಇಲ್ಲೇ ಇರಲು ಮನಸ್ಸಿಲ್ಲವೆಂದು ಹೊರಟುನಿಂತಳು. ಮನೆಯಲ್ಲಿ ಫೋನಿದೆಯಲ್ಲ, ಬಿದ್ದರೆ ಫೋನು ಮಾಡು ಎಂದೆ. ಮಳೆಗಾಲ ಕಾಲಿಟ್ಟರೆ ಫೋನು ತಾನೇ ಮೊದಲು ಬೀಳುತ್ತದೆ ಎಂದಳು. ಅದೂ ಸುಳ್ಳಲ್ಲ.

ಮುಂದಿನ ಭೇಟಿಯಲ್ಲಿ ಚಾ ಲೋಟ ಕೈಗಿಡುತ್ತ, "ನಾನೊಂದು ಕೋವಿ ತಕಳ್ತೆ," ಎಂದಳು. ಹೊಸ ಒರಳು ತೆಗೆದುಕೊಳ್ಳುತ್ತೇನೆ ಎನ್ನುವ ಧಾಟಿ! ಯಾಕೆ ಎಂದರೆ ತೆಂಗಿನಕಾಯಿಗೆ ಮಂಗನ ಕಾಟ. ಮಂಗ ಬರುವುದು ನಿಜ. ಆದರೆ ಬಂದ ಮಂಗಗಳನ್ನು ದೊಡ್ಡಮ್ಮ ಗದರಿಸಿ ಮಾಡಿನ ಮೇಲೆ ಸಾಲಾಗಿ ಕೂರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕೋವಿ ಅವಕ್ಕೆ ಯಾಕೆ ಬೇಕು?

ಬೆಳೆ ಕಾಯುವುದಕ್ಕೆಂದು ಅರ್ಜಿ ಹೋಯಿತು. ವಿಚಾರಣೆಗೆ ಬಂದ ಪೊಲೀಸಪ್ಪ ದೊಡ್ಡಮ್ಮನ ಶಿಷ್ಯನೇ ಆಗಿಬಿಡಬೇಕೆ! ಅವನು ಕುರ್ಚಿಯಿದ್ದರೂ ಕೂರಲಿಲ್ಲ. ನಿಂತೇ ಬರೆದುಕೊಂಡ. ನಿಮಗೆ ವೈರಿಗಳು ಇದ್ದಾರಾ ಎಂದು ಕೇಳಬೇಕಾದ ಜಾಗ ಬಂದಾಗ ಬೆವರು ಒರೆಸಿಕೊಂಡ. ದೊಡ್ಡಮ್ಮನೇ ಪಾಪವೆಂದು, ವೈರಿಗಳಾಗಲು ಯಾರಾದರೂ ಬಂದುಹೋಗಿ ಮಾಡಬೇಕಲ್ಲ, ಇಲ್ಲವೆಂದು ಬರೆದುಕೋ ಎಂದು ಹೇಳಿಕೊಟ್ಟಳು. ಅವನು ಏಳನೇ ಇಯತ್ತೆ ಮುಗಿಸಿ ಹೋಗುವಾಗ ಇವಳು ಅವನ ನಡತೆ ಉತ್ತಮ ಎಂದು ಬರೆದುಕೊಟ್ಟಿದ್ದಳು. ಈಗ ಅವನು ಇವಳ ನಡತೆ ಉತ್ತಮ ಎಂದು ಬರೆದುಕೊಂಡು ಹೋದ. ಹೋಗುವಾಗ ಚಾ ಕುಡಿದು ಎರಡು ಮಾತಾಡಿ ಹೋದನೆಂದು ದೊಡ್ಡಮ್ಮ ವಾರಗಟ್ಟಲೆ ಹೇಳಿದಳು.

ಕಾರವಾರದಿಂದ ಪರವಾನಗಿ ಬಂದ ಮೇಲೆ, ಹೊನ್ನಾವರಕ್ಕೆ ಕೋವಿ ನೋಡಲು ಹೋಗುವ, ರಜೆ ಹಾಕಿ ಬಾ ಎಂದು ನನಗೆ ಅಪ್ಪಣೆಯಾಯಿತು. ಹೆಣ್ಣು ನೋಡಲು ಹೊರಟವಳಂತೆ ಜರಿ ಅಂಚಿನ ಸೀರೆ ಉಟ್ಟು, ತಲೆಗೆ ಅಬ್ಬಲಿ ಹೂವು ಮುಡಿದು ಬಂದಿದ್ದಳು.

ಅಂಗಡಿ ಪೇಟೆಯ ಒಂದು ಓಣಿಯಲ್ಲಿತ್ತು. ಒಂದು ಮಗ್ಗುಲಿಗೆ ಪಾತ್ರೆ ಅಂಗಡಿ, ಇನ್ನೊಂದು ಮಗ್ಗುಲಿಗೆ ಬಟ್ಟೆ ಅಂಗಡಿ. ಆ ಎರಡಕ್ಕೂ ನುಗ್ಗುವ ಜನ ನಡುವಿನ ಕೋವಿ ಅಂಗಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಳಗೆ ಕೊಂಕಣಿ ಮಾತಾಡುವ ವಯಸ್ಸಾದ ಮಾಲೀಕರು ಒಬ್ಬರೇ ಕೂತು ಕೋವಿಯೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನಮ್ಮಲ್ಲಿ ಇಂಥ ಅಂಗಡಿಕಾರರನ್ನು ಮಾಮ್ ಎಂದು ಕರೆಯುವುದು ರೂಢಿ. ಮಾಮ್ ದೊಡ್ಡಮ್ಮನ ಹೂವನ್ನೂ ಸೀರೆಯನ್ನೂ ನೋಡಿ, ಪಾತ್ರೆ ಅಂಗಡಿ ಆಚೆ ಬದಿಗೆ ಎಂದು ಕೈತೋರಿಸಿದರು. ಇಲ್ಲ, ಕೋವಿ ಬೇಕಿತ್ತು ಎಂದಳು. ಮಾಮ್ ತಕ್ಷಣ ನನ್ನ ಕಡೆ ತಿರುಗಿ, "ಬನ್ನಿ ಸರ್, ಕೂತ್ಕಳಿ," ಎಂದರು. ನನಗಲ್ಲ, ಇವರಿಗೆ ಎಂದೆ. ಅವರ ಯಜಮಾನರಿಗಾ ಎಂದು ನನ್ನನ್ನೇ ಕೇಳಿದರು. ಯಜಮಾನಿ ನಾನೇ ಎಂದು ದೊಡ್ಡಮ್ಮ ಪರವಾನಗಿಯನ್ನು ಮೇಜಿನ ಮೇಲೆ ಇಟ್ಟಳು. ಮಾಮ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ ವ್ಯಾಪಾರ! ದೊಡ್ಡಮ್ಮನಿಗೆ ಗೊತ್ತಿದ್ದ ಖರೀದಿ ಎಂದರೆ ಪಾತ್ರೆಯದು ಮತ್ತು ಸೀರೆಯದು. ಆ ಎರಡು ವಿದ್ಯೆಗಳನ್ನೂ ಅವಳು ಕೋವಿಯ ಮೇಲೆ ಪ್ರಯೋಗಿಸಿದಳು. ಮೊದಲು ನಳಿಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದಳು, ತಾಮ್ರದ ಹಂಡೆ ಕುಟ್ಟಿ ನೋಡುವಂತೆ. ಇದಕ್ಕಿಂತ ಸ್ವಲ್ಪ ಹಗುರದ್ದು ತೋರಿಸಿ ಎಂದಳು. ತೋರಿಸಿದರು. ಹಿಡಿಕೆಯಲ್ಲಿ ಗೀರಿದೆ, ಬೇರೆ ತೆಗೆಯಿರಿ ಎಂದಳು. ತೆಗೆದರು. ನಳಿಗೆಯೊಳಗೆ ಇಣುಕಿ, ಒಳಗೆ ಜೇಡರ ಬಲೆ ಇದೆಯಲ್ಲ ಮಾಮ್ ಎಂದಳು. ಪ್ರತಿದಿನ ಒರೆಸುವ ಮನುಷ್ಯ, ಅವರಿಗೆ ಅಳುವೇ ಬಂದಂತಾಯಿತು. ಬಲೆ ಕೋವಿಯಲ್ಲಲ್ಲ, ಅದರಾಚೆ ಕಿಟಕಿಯಲ್ಲಿದೆ ಎಂದು ನಾನು ನೋಡಿ ಹೇಳಬೇಕಾಯಿತು.

ಕೊನೆಗೊಂದು ಒಂಟಿ ನಳಿಗೆಯದು ಮನಸ್ಸಿಗೆ ಬಂತು. ಆದರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಗೊತ್ತಾಗುವುದಿಲ್ಲವಂತೆ! ಸೀರೆ ತೆಗೆದುಕೊಳ್ಳುವಾಗ ಹೆಂಗಸರು ಏನು ಮಾಡುತ್ತಾರೆ? ಹೊರಗೆ ಬಿಸಿಲಿಗೆ ತಂದು ನೋಡುತ್ತಾರೆ. ದೊಡ್ಡಮ್ಮ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸೀದಾ ಬೀದಿಗೆ ಇಳಿದುಬಿಟ್ಟಳು. ಬಾಳೆಹಣ್ಣಿನವನು ಗಾಡಿ ಬಿಟ್ಟು ಬಟ್ಟೆ ಅಂಗಡಿಗೆ ನುಗ್ಗಿದ. ರಿಕ್ಷಾದವರು ಬಾಡಿಗೆ ಬೇಡವೆಂದು ರಿಕ್ಷಾ ತಿರುಗಿಸಿದರು. ಮಾಮ್ ಚಪ್ಪಲಿಯಿಲ್ಲದೆ ಹಿಂದೆ ಓಡಿ, ಖಾಲಿ ಇದೆ, ಖಾಲಿ ಇದೆ ಎಂದು ಇಡೀ ಪೇಟೆಗೆ ಕೈಮುಗಿದರು. ದೊಡ್ಡಮ್ಮ ಇದಾವುದನ್ನೂ ಗಮನಿಸದೆ ಕೋವಿಯನ್ನು ಬಿಸಿಲಿಗೆ ಆಚೀಚೆ ತಿರುಗಿಸಿ ನೋಡಿ, "ಬೆಳಕಲ್ಲಿ ಒಂಚೂರು ಕಂದು ಕಾಣ್ತದೆ. ಅಡ್ಡಿಲ್ಲ," ಎಂದಳು.

ಒಳಗೆ ಬಂದು ಕೂತ ಮೇಲೆ ಮಾಮ್ ನೀರು ಕುಡಿದು ಸುಧಾರಿಸಿಕೊಂಡರು. ಎಷ್ಟು ದೂರ ಹೊಡೆಯುತ್ತದೆ, ಗುರಿ ಹೇಗಿದೆ ಎಂದು ತಾವಾಗಿಯೇ ವಿವರಿಸತೊಡಗಿದರು. ದೊಡ್ಡಮ್ಮ ಅದನ್ನೆಲ್ಲ ಕೈಯಾಡಿಸಿ ನಿಲ್ಲಿಸಿ ಕೇಳಿದಳು:

"ಅದೆಲ್ಲ ಇರ್ಲಿ ಮಾಮ್. ಇದರ ಸದ್ದು ಎಷ್ಟು ದೂರ ಕೇಳ್ತದೆ?"

ಅಂಥ ಪ್ರಶ್ನೆಯನ್ನು ಅವರು ಆ ಅಂಗಡಿಯಲ್ಲಿ ಕೇಳಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಬಚ್ಚಲಲ್ಲಿ ಬಿದ್ದ ಕಥೆಯನ್ನು ಕಾಗೆಯ ಸಮೇತ ಹೇಳಿದಳು. ತನ್ನ ಕೂಗಿಗೆ ಊರು ರೂಢಿಯಾಗಿಬಿಟ್ಟಿದೆ, ರೂಢಿಯಿಲ್ಲದ ಒಂದು ಸದ್ದು ಬೇಕಿತ್ತು ಎಂದಳು. ನಗುತ್ತಲೇ ಹೇಳಿದಳು. ನನಗೆ ಮಾತ್ರ ಮಂಗನ ನೆಪ ಅಲ್ಲಿಗೆ ಕಳಚಿಬಿದ್ದು, ಆ ಕುರ್ಚಿಯಲ್ಲಿ ಕೂರುವುದೇ ಕಷ್ಟವಾಯಿತು. ಹತ್ತಿರದ ಸಂಬಂಧವೆಂದರೆ ನಾನೊಬ್ಬ, ಭಟ್ಕಳದಲ್ಲಿದ್ದೆ. ಇವಳು ಬಿದ್ದರೆ ಯಾರಿಗಾದರೂ ಗೊತ್ತಾಗಲಿ ಎಂದು ಹೊನ್ನಾವರದಲ್ಲಿ ಕೋವಿ ಕೊಳ್ಳುತ್ತಿದ್ದಾಳೆ!

ಮಾಮ್ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. ಇಲ್ಲಿ ಹಾರಿಸಿ ತೋರಿಸಿ ಎಂದಳು ದೊಡ್ಡಮ್ಮ. ಪೇಟೆಯಲ್ಲಿ ಹಾರಿಸಿದರೆ ತನ್ನ ಅಂಗಡಿಗೇ ಬೀಗ ಎಂದರು ಮಾಮ್. ಕುಕ್ಕರಿನ ಸೀಟಿಯನ್ನಾದರೂ ಊದಿ ನೋಡಿ ಕೊಳ್ಳುತ್ತಾರೆ, ಸದ್ದು ಕೇಳದೆ ಕೋವಿ ಹೇಗೆ ಕೊಳ್ಳುವುದು ಎಂದು ಅವಳು. ಮಾಮ್ ಕೋವಿಯನ್ನು ಅವಳ ಕಡೆ ಸರಿಸಿದರು. ನಂತರ, ನಮ್ಮ ಕರಾವಳಿಯ ಯಾವ ವ್ಯಾಪಾರಿಯೂ ಕೊಟ್ಟಿರದ ಒಂದು ಗ್ಯಾರಂಟಿ ಕೊಟ್ಟರು.

"ತಗಂಡು ಹೋಗಿ ಅಕ್ಕೋರೆ. ಹೊಳೆ ಕಡೆ ಆಕಾಶಕ್ಕೆ ಒಂದ್ಸಲ ಹಾರ್ಸಿ ನೋಡಿ. ಊರು ಓಡಿ ಬರ್ಲಿಲ್ಲ ಅಂದ್ರೆ ವಾಪಸ್ ತನ್ನಿ."

ಕೋವಿಯ ಜೊತೆ ಒಂದು ಚೀಲವನ್ನೂ, ಲಕ್ಷ್ಮಿಯ ಚಿತ್ರವಿದ್ದ ಕ್ಯಾಲೆಂಡರನ್ನೂ ಕೊಟ್ಟು ಕಳಿಸಿದರು. ಹಿಡಿಯುವುದು, ಮಡಿಸುವುದು, ತೋಟೆ ಹಾಕುವುದನ್ನೆಲ್ಲ ತಾಳ್ಮೆಯಿಂದ ಕಲಿಸಿದರು. ಕೋವಿ ಒಂದು ಕಡೆ, ತೋಟೆ ಒಂದು ಕಡೆ ಇಡಬೇಕೆಂದು ಬಾಯಿಪಾಠ ಮಾಡಿಸಿದರು. ಜೀವಮಾನದಲ್ಲಿ ಮೊದಲ ಸಲ ದೊಡ್ಡಮ್ಮ ಪಾಠ ಒಪ್ಪಿಸಿದಳು.

ಕೋವಿ ಮನೆಗೆ ಬಂತು. ಬಿದ್ದಾಗ ಕೈಗೆ ಸಿಗಬೇಕಲ್ಲ, ದೊಡ್ಡಮ್ಮ ಹೋದಲ್ಲೆಲ್ಲ ಅದೂ ಹೋಯಿತು. ಅಡುಗೆ ಮನೆಗೆ, ಬಾವಿ ಕಟ್ಟೆಗೆ, ಕಡೆಗೆ ಬಚ್ಚಲಿಗೆ. ಉಪ್ಪುಗಾಳಿ, ಬಚ್ಚಲ ಹಬೆ, ಎರಡೂ ಸೇರಿ ಒಂದೇ ತಿಂಗಳಲ್ಲಿ ನಳಿಗೆಗೆ ತುಕ್ಕು. ಹೊನ್ನಾವರಕ್ಕೆ ಒಯ್ದಾಗ ಮಾಮ್ ತಲೆ ಚಚ್ಚಿಕೊಂಡರಂತೆ. "ದೇವಾ, ಕೋವಿಗೆ ಸ್ನಾನ ಮಾಡಿಸ್ತೀರಾ ಅಕ್ಕೋರೆ?" ಆದರೂ ಉಜ್ಜಿ, ಎಣ್ಣೆ ಹಾಕಿ, ಚಾ ತರಿಸಿ, ಇನ್ನು ತಿಂಗಳಿಗೊಮ್ಮೆ ತನ್ನಿ, ಸರ್ವಿಸು ಪುಕ್ಕಟೆ ಎಂದರು. ಕೋವಿಗೂ ಸರ್ವಿಸಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬೇರೆ ಯಾರಿಗೂ ಇರಲಿಕ್ಕಿಲ್ಲ.

ಆ ಬಸ್ಸಿನ ಪ್ರಯಾಣ ಬೇರೆಯೇ ಒಂದು ಕಥೆ. ಹಳೆ ಸೀರೆಯಲ್ಲಿ ಸುತ್ತಿದ ಆ ಉದ್ದದ ಗಂಟನ್ನು ಪಕ್ಕದ ಹೆಂಗಸು ಎಂತದು ಎಂದು ಕೇಳಿದಳಂತೆ. ದೊಡ್ಡಮ್ಮ ಸತ್ಯವಂತೆ, ಕೋವಿ ಎಂದಳು. ಆ ಸೀಟು, ಹಿಂದಿನ ಸೀಟು, ಮುಂದಿನ ಸೀಟು ಎಲ್ಲ ಖಾಲಿಯಾದವು. ಕಾಲು ಚಾಚಿ ಕೂತು ಹೋಗಬಹುದಿತ್ತು, ಆದರೆ ಮಾತಾಡುವವರೇ ಇಲ್ಲದೆ ಹೊನ್ನಾವರ ಬರುವಷ್ಟರಲ್ಲಿ ಬೇಸರ ಹಿಡಿಯಿತಂತೆ. ಮುಂದಿನ ತಿಂಗಳು ತಂಬೂರಿ ಎಂದಳು. ಸಂಗೀತದ ಗಂಧವಿಲ್ಲದಿದ್ದರೂ ಒಬ್ಬ ಹೆಂಗಸಿನೊಡನೆ ಹೊನ್ನಾವರದ ನಿಲ್ದಾಣದವರೆಗೂ ರಾಗಗಳ ಬಗ್ಗೆ ಮಾತಾಡಿ ಬಂದಳು. ಆ ಖುಷಿ ನನಗೆ ಹೇಳುವಾಗಲೂ ಇಳಿದಿರಲಿಲ್ಲ.

ಇನ್ನು ಚುನಾವಣೆ! ಚುನಾವಣೆ ಘೋಷಣೆಯಾದರೆ ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಆ ವರ್ಷಗಳಲ್ಲಿ ದೆಹಲಿಯ ಸರಕಾರಗಳು ಒಂದರ ಹಿಂದೆ ಒಂದು ಉರುಳುತ್ತಿದ್ದವು. ಪ್ರತಿ ಸಲವೂ ಆ ಶಿಷ್ಯ ಪೊಲೀಸಪ್ಪ ಬಂದು, ತಲೆ ತಗ್ಗಿಸಿ, ಕೋವಿ ಕೇಳುವುದು. ದೊಡ್ಡಮ್ಮ ಅವನಿಗೆ ಚಾ ಕೊಟ್ಟು, ವೋಟು ಮುಗಿಯುವವರೆಗೆ ನಾನು ಬೀಳಬಾರದು ಎಂದು ಕಾನೂನಿದೆಯೋ ಎಂದು ಕೇಳುವುದು. ಅವನು ರಸೀದಿ ಬರೆದುಕೊಟ್ಟು ಕೋವಿ ಒಯ್ಯುವುದು. ಅಷ್ಟು ದಿನ ಅವಳು ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುತ್ತಿದ್ದಳು.

ಇಷ್ಟೆಲ್ಲ ಆದರೂ ಸದ್ದಿನ ಪರೀಕ್ಷೆ ಮಾತ್ರ ಆಗಿರಲಿಲ್ಲ. ಯಾಕೋ ಮುಂದೂಡುತ್ತಿದ್ದಳು. ಹಾರಿಸಿದರೂ ಯಾರೂ ಬರದಿದ್ದರೆ ಎಂಬ ಹೆದರಿಕೆ ಎಂದು ಈಗ ಅನ್ನಿಸುತ್ತದೆ. ಕೊನೆಗೊಂದು ಸಂಜೆ ಮನಸ್ಸು ಮಾಡಿದಳು. ಊರು ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು. ಸದ್ದು ಅಳೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕದು ಎಂದುಕೊಂಡಳು. ಓಡಿ ಬಂದವರಿಗೆ ಹಸಿವಾಗುತ್ತದಲ್ಲ, ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕಿಟ್ಟಳು. ಜಗಲಿಯಲ್ಲಿ ಚಾಪೆ ಹಾಸಿದಳು. ನಂತರ ಹೊಳೆಯ ಕಡೆಯ ಆಕಾಶಕ್ಕೆ ಕೋವಿ ಎತ್ತಿ ಹಾರಿಸಿದಳು.

ಊರು ಯಾಕೆ ಅಷ್ಟು ನಿಶ್ಶಬ್ದವಾಗಿತ್ತು? ಎಲ್ಲರೂ ಟೀವಿಯ ಮುಂದೆ ಉಸಿರು ಹಿಡಿದು ಕೂತಿದ್ದರು. ದೊಡ್ಡಮ್ಮ ಕೋವಿಯ ಕುದುರೆ ಎಳೆದ ಗಳಿಗೆಯಲ್ಲೇ ನಮ್ಮವರು ಯಾವುದೋ ಕ್ರಿಕೆಟ್ ಮ್ಯಾಚು ಗೆದ್ದರು! ಊರ ತುಂಬ ಪಟಾಕಿ ಸಿಡಿಯಿತು. ಅಕ್ಕೋರಿಗೂ ಈ ಪ್ರಾಯದಲ್ಲಿ ಕ್ರಿಕೆಟ್ ಹುಚ್ಚು ಹಿಡಿಯಿತಲ್ಲ ಎಂದು ಮಾದೇವಿ ಮನೆಯಲ್ಲಿ ನಕ್ಕರಂತೆ. ದೊಡ್ಡಮ್ಮ ಬೇಲಿಯ ದಣಪೆ ಬಾಗಿಲನ್ನೇ ನೋಡುತ್ತ ಕತ್ತಲಾಗುವವರೆಗೆ ಜಗಲಿಯಲ್ಲಿ ಕೂತಿದ್ದಳು.

"ಎರಡು ದಿನ ಅವಲಕ್ಕಿನೇ ತಿಂದೆ ಮಾರಾಯ," ಎಂದಳು ಫೋನಿನಲ್ಲಿ. ನನಗೆ ನಗು ಬಂತು, ಅರ್ಧದಲ್ಲಿ ನಿಂತುಹೋಯಿತು. ಅವಳೂ ಆ ಕಡೆ ನಗುತ್ತಿರಲಿಲ್ಲ.

ಮುಂದಿನ ಶನಿವಾರ ಇಬ್ಬರೂ ಹೊನ್ನಾವರಕ್ಕೆ ಹೋದೆವು. ದೊಡ್ಡಮ್ಮ ಕೋವಿಯನ್ನು ಮೇಜಿನ ಮೇಲಿಟ್ಟು, "ಸದ್ದು ಸಾಲ್ದು ಮಾಮ್. ವಾಪಸ್ ತಕಳಿ," ಎಂದಳು. ನಾನು ಪಟಾಕಿಯ ವಿಷಯ ಹೇಳಹೊರಟೆ. ಮಾಮ್ ನನ್ನನ್ನು ಸುಮ್ಮನಿರಿಸಿದರು. ಅಪ್ಪನ ಕಾಲದಿಂದ ನಡೆಯುತ್ತಿರುವ ಅಂಗಡಿ, ಗುರಿ ತಪ್ಪಿತೆಂದು ದೂರು ಬಂದದ್ದುಂಟು, ಸದ್ದು ಸಾಲದೆಂಬ ದೂರು ಇದೇ ಮೊದಲು, ತಾನೇ ಬಂದು ಪರೀಕ್ಷಿಸುತ್ತೇನೆ ಎಂದರು. ಎಂಥ ಗಿರಾಕಿ ಸೇವೆ ನೋಡಿ! ನಾನು ಕೊಂಡ ಫ್ರಿಜ್ಜು ಆರು ತಿಂಗಳು ನಿಂತಿತ್ತು, ಯಾವನೂ ಬಂದು ನೋಡಿರಲಿಲ್ಲ.

ಭಾನುವಾರ ಮಾಮ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಡೆ ಹಿಡಿದು, ಬಾಳೆಹಣ್ಣಿನ ಚಿಪ್ಪಿನೊಂದಿಗೆ ಬಸ್ಸಿಳಿದರು. ಊರಿನಲ್ಲಿ ಯಾರಿಗೂ ಹೇಳಬಾರದು, ಹೇಳಿದರೆ ಪರೀಕ್ಷೆ ಸುಳ್ಳಾಗುತ್ತದೆ ಎಂದು ತಾಕೀತು ಮಾಡಿದರು. ತಾನು ಅಷ್ಟು ದೂರದ ತಾರಿ ಕಟ್ಟೆಗೆ ಹೋಗಿ, ದೋಣಿ ಕಾಯುವವನಂತೆ ನಿಂತು ಕೇಳುತ್ತೇನೆ ಎಂದು ಕೊಡೆ ಬಿಡಿಸಿ ಹೊರಟರು. ದೊಡ್ಡಮ್ಮ ಈ ಸಲವೂ ಅವಲಕ್ಕಿ ಮಾಡಿದ್ದಳು. ಸ್ವಲ್ಪ ಕಡಿಮೆ ಮಾಡಿದ್ದಳು. ಅದನ್ನು ನೋಡಿ ನನಗೆ ಸಂಕಟವಾಯಿತು.

ಮಾಮ್ ತಲುಪಿರಬಹುದು ಎನ್ನುವಷ್ಟು ಹೊತ್ತು ಬಿಟ್ಟು ಹಾರಿಸಿದಳು. ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಕೋಳಿಗಳು ಎಲ್ಲೆಲ್ಲೋ ನುಗ್ಗಿದವು. ಮತ್ತೆ ಎಲ್ಲ ಸುಮ್ಮನಾಯಿತು. ದೊಡ್ಡಮ್ಮ ಕೋವಿಯನ್ನು ಮಡಿಸಿ ಗೋಡೆಗೆ ಒರಗಿಸಿ ದಣಪೆಯ ಕಡೆ ನೋಡುತ್ತ ನಿಂತಳು. ಪರೀಕ್ಷೆಯ ಫಲಿತಾಂಶಕ್ಕೆ ಮಕ್ಕಳು ನಿಲ್ಲುವುದನ್ನು ಅಷ್ಟು ವರ್ಷ ನೋಡಿದವಳು, ಅವತ್ತು ತಾನೇ ಹಾಗೆ ನಿಂತಿದ್ದಳು. ಬರಲಿ ದೇವರೇ, ಒಬ್ಬರಾದರೂ ಬರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಗದ್ದೆಯ ಅಂಚಿನಲ್ಲಿ ಒಂದು ಕೆಂಪು ಸೀರೆ ಕಂಡಿತು. ಮಾದೇವಿ! ಕೈಯೆಲ್ಲ ದೋಸೆ ಹಿಟ್ಟು, ಕಚ್ಚೆ ಬಿಗಿದುಕೊಂಡು ಓಡುತ್ತ ಬರುತ್ತಿದ್ದಳು. ಅವಳ ಹಿಂದೆ ಅವಳ ಗಂಡ. ಹೊಳೆ ಕಡೆಯಿಂದ ಚಿಪ್ಪಿ ಬುಟ್ಟಿಗಳೊಂದಿಗೆ ಹೆಂಗಸರು. ಮಗ್ಗಿಗೆ ಹೆದರಿ ಓಡಿಹೋಗುತ್ತಿದ್ದ ಗಂಡಸರೂ ಈ ಸಲ ಇತ್ತ ಕಡೆಗೇ ಓಡಿ ಬಂದರು. "ಎಂತಾತು ಅಕ್ಕೋರೆ, ಎಂತಾತು?" ಎಂದು ಮಾದೇವಿ ಹಿಟ್ಟಿನ ಕೈಯಲ್ಲೇ ಅವಳ ಭುಜ ಹಿಡಿದುಕೊಂಡಳು.

"ಎಂತ ಆಗ್ಲಿಲ್ಲ. ಕೂತ್ಕಳಿ, ಅವಲಕ್ಕಿ ಇದೆ," ಎಂದಳು ದೊಡ್ಡಮ್ಮ. ಅಂಥ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹೇಳಿ ತಟಕ್ಕನೆ ಒಳಗೆ ಹೋದಳು. ಅಡುಗೆ ಮನೆಯಲ್ಲಿ ತಟ್ಟೆಗಳನ್ನು ಜೋಡಿಸುತ್ತ ಅಳುತ್ತಿದ್ದಳು.

ಎಲ್ಲರ ಕೊನೆಗೆ ಮಾಮ್ ಏದುಸಿರು ಬಿಡುತ್ತ ಬಂದರು. ತಾರಿಯವನು ಹೊಳೆಯ ನಡುವೆ ದೋಣಿ ನಿಲ್ಲಿಸಿ ಕಿವಿಗೊಟ್ಟನಂತೆ. ಅವಲಕ್ಕಿ ಸಾಲಲಿಲ್ಲ, ಬಾಳೆಹಣ್ಣು ಹಂಚಿದೆವು. ವಿಷಯ ತಿಳಿದ ಮೇಲೆ ಮಾದೇವಿ ದೊಡ್ಡಮ್ಮನನ್ನು ಬೈದದ್ದೇ ಬೈದದ್ದು. ಶಿಷ್ಯೆಯೊಬ್ಬಳು ಅಕ್ಕೋರಿಗೆ ಬೈದದ್ದು ಆ ಊರಿನಲ್ಲಿ ಅದೇ ಮೊದಲು. "ಇನ್ನು ಈ ಕೋವಿ ಮುಟ್ಟೂದು ಬೇಡ, ನನ್ನ ಎದೆ ಒಡೆದು ಹೋತು. ದಿನಾ ಬೆಳಿಗ್ಗೆ ಗದ್ದೆ ಅಂಚಿಂದ ನಾನೇ ಕೂಗ್ತೆ. ನೀವು ಓ ಅನ್ನಿ, ಸಾಕು."

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಚಾ ಕುಡಿಯುತ್ತಿದ್ದಾಗ ಗದ್ದೆಯ ಆಚೆಯಿಂದ "ಅಕ್ಕೋರೇ..." ಎಂದು ಕೂಗು ಕೇಳಿತು. ಅಂಗಳ ಗುಡಿಸುತ್ತಿದ್ದ ದೊಡ್ಡಮ್ಮ ಪೊರಕೆ ಬದಿಗಿಟ್ಟು, ನೆಟ್ಟಗೆ ನಿಂತು, ಊರೆಲ್ಲ ಕೇಳುವಂತೆ ಕೂಗಿದಳು:

"ಹಾಜರ್!"

ಗದ್ದೆಯ ಆಚೆ ಮಾದೇವಿ ಗಟ್ಟಿಯಾಗಿ ನಗುವುದು ಕೇಳಿಸಿತು. ದೊಡ್ಡಮ್ಮ ಏನೂ ಆಗದವಳಂತೆ ಮತ್ತೆ ಗುಡಿಸತೊಡಗಿದಳು.

ಆಮೇಲೆ ವರ್ಷಗಟ್ಟಲೆ ಅದು ನಡೆಯಿತು. ಬೆಳಿಗ್ಗೆ ಹಾಜರಿ, ತಿಂಗಳಿಗೊಮ್ಮೆ ಹೊನ್ನಾವರದಲ್ಲಿ ಸರ್ವಿಸು. ಹಾರಿಸದ ಕೋವಿಯನ್ನು ಮಾಮ್ ಪ್ರತಿ ಸಲವೂ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಚಾ ತರಿಸುತ್ತಿದ್ದರು. ಪಾತ್ರೆ ಅಂಗಡಿ, ಬಟ್ಟೆ ಅಂಗಡಿಗಳಿಗೆ ನುಗ್ಗುವ ಜನರನ್ನು ನೋಡುತ್ತ ಇಬ್ಬರೂ ಮಧ್ಯಾಹ್ನದವರೆಗೆ ಮಾತಾಡುತ್ತಿದ್ದರಂತೆ.

ಕಳೆದ ತಿಂಗಳು ಆ ಕೋವಿಯನ್ನು ಅಂಗಡಿಗೆ ಜಮಾ ಮಾಡಲು ನಾನೊಬ್ಬನೇ ಹೋದೆ. ಪೊಲೀಸಪ್ಪನೇ ಠಾಣೆಯ ಕಾಗದಪತ್ರ ಮುಗಿಸಿಕೊಟ್ಟು ಜೊತೆಗೆ ಬಂದಿದ್ದ. ಮಾಮ್ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಅಬ್ಬಲಿ ಹೂವು ಮುಡಿದ ಯಾರೂ ಬರಲಿಲ್ಲ. ಚಾ ಹೇಳಲು ಎದ್ದವರು ಹಾಗೆಯೇ ಕೂತರು. ಬೆಳಗಿನ ಜಾವ ನಿದ್ದೆಯಲ್ಲೇ ಹೋದಳು ಎಂದೆ. ಅವರು ಚೀಲದಿಂದ ಕೋವಿ ತೆಗೆದು ಬಹಳ ಹೊತ್ತು ಒರೆಸಿದರು, ಒರೆಸಲು ಅದರಲ್ಲಿ ಏನೂ ಇರಲಿಲ್ಲ. ತಲೆ ಎತ್ತದೆಯೇ ಕೇಳಿದರು:

"ಜನಕ್ಕೆ ಯಾವಾಗ ಗೊತ್ತಾಯ್ತು?"

ಮಾದೇವಿ ಅವತ್ತು ಬೆಳಿಗ್ಗೆ ಎಂದಿನಂತೆ ಕೂಗಿದಳು, ಹಾಜರ್ ಬರಲಿಲ್ಲ. ಇನ್ನೊಮ್ಮೆ ಕೂಗಲಿಲ್ಲ ಅವಳು. ಒಲೆಯ ಮೇಲಿದ್ದ ಹಾಲು ಹಾಗೆಯೇ ಬಿಟ್ಟು ಗದ್ದೆ ದಾಟಿ ಓಡಿದಳು, ಹಿಂದೆ ಊರೂ ಓಡಿತು. ಇದನ್ನೆಲ್ಲ ಹೇಳಬೇಕೆಂದಿದ್ದೆ, ಹೇಳಿದ್ದು ಒಂದೇ ಮಾತು.

"ಕೈ ಇನ್ನೂ ಬೆಚ್ಚಗಿತ್ತಂತೆ, ಮಾಮ್," ಎಂದೆ.